ಮಗ ಮನೆಯಲ್ಲಿ, ಹೆಸರು ನೀರಿನ ಮೇಲೆ

ಹಿನ್ನೀರಿನ ದಡದ ಊರುಗಳಿಗೆ ಮಂಜು ಹೊಸದೇನಲ್ಲ. ಚಳಿ ಶುರುವಾಯಿತೆಂದರೆ ನೀರಿನ ಮೇಲಿಂದ ಎದ್ದ ಮಂಜು ಬೀದಿಗೆ ಬರುತ್ತದೆ, ಬಾಗಿಲ ಸಂದಿಯಿಂದ ಒಳಗೂ ಇಣುಕುತ್ತದೆ. ಎದುರು ಮನೆಯವರು ಕೆಮ್ಮಿದ್ದು ಕೇಳಿಸುತ್ತದೆ, ಎದುರು ಮನೆ ಕಾಣಿಸುವುದಿಲ್ಲ. ಅಂಥ ದಿನ ದೋಣಿ ತೆಗೆದುಕೊಂಡು ಹೋದವರು ದಾರಿ ತಪ್ಪಿದರೆ ಹುಡುಕುವುದು ಎಲ್ಲಿ ಅಂತ? ನೀರಿನ ನಡುವೆ ಫೋನೂ ಸಿಗುವುದಿಲ್ಲ.

ಅಂಥ ಒಂದು ದಡದ ಮನೆಯಲ್ಲಿ ನಡೆದದ್ದು ಇದು. ಮನೆಯಲ್ಲಿ ಮೂವರು. ಮಗ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಮನೆಯ ಆಡಳಿತ ಅತ್ತೆಯದು. ಗಂಡ ಹೆಂಡತಿ ಇಬ್ಬರಿಗೂ ಹವ್ಯಾಸಿ ರೇಡಿಯೋ ಹುಚ್ಚು. ಇಬ್ಬರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು. ಅಡುಗೆಮನೆ ಪಕ್ಕದ ಗೂಡಿನಲ್ಲಿ ಒಂದು ರೇಡಿಯೋ, ಒಂದು ಹಳೇ ಲ್ಯಾಪ್‌ಟಾಪ್, ಅವೆರಡರ ನಡುವೆ ಸಾಬೂನು ಡಬ್ಬಿಯಷ್ಟು ದೊಡ್ಡದೊಂದು ಮೋಡೆಮ್ ಇತ್ತು.

ಆ ಡಬ್ಬಿ ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. ಯಾರೂ ಮುಟ್ಟದಿದ್ದರೂ ಅದರ ಕೆಂಪು ದೀಪ ಮಿಣುಕುತ್ತಿತ್ತು. ಜೊತೆಗೇ ರೇಡಿಯೋದಿಂದ ಹಳೇ ಬಟ್ಟೆ ಪರ್ರನೆ ಹರಿದಂಥ ಸದ್ದು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಪರ್ರ್.

"ಇದೇನೇ ಇದು? ಮನುಷ್ಯರ ಮಾತಲ್ಲ, ಪ್ರಾಣಿ ಕೂಗೂ ಅಲ್ಲ. ಯಾರು ಯಾರನ್ನ ಕರೀತಿದಾರೆ?" ಅನ್ನುತ್ತಿದ್ದರು ಅತ್ತೆ.

"ಅದೂ ಮಾತೇ ಅತ್ತೆ," ಅನ್ನುತ್ತಿದ್ದಳು ಸೊಸೆ. "ನಾವು ಟೈಪ್ ಮಾಡಿದ ಅಕ್ಷರಾನ ಮೋಡೆಮ್ಮು ಸದ್ದು ಮಾಡತ್ತೆ. ರೇಡಿಯೋ ಆ ಸದ್ದನ್ನ ಗಾಳೀಲಿ ಕಳಿಸತ್ತೆ. ಆ ಕಡೆ ಇರೋ ಮೋಡೆಮ್ಮು ಅದನ್ನ ತಿರುಗಿ ಅಕ್ಷರ ಮಾಡತ್ತೆ. ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಕಳಿಸಿದ ಹಾಗೆ. ಒಂದೊಂದು ಪೊಟ್ಟಣದ ಮೇಲೂ ಕಳಿಸಿದವರ ಕಾಲ್ ಸೈನ್ ಇರತ್ತೆ. ಅಂದ್ರೆ ಸರ್ಕಾರ ಕೊಟ್ಟ ರೇಡಿಯೋ ಹೆಸರು."

"ಕೈಲಿ ಫೋನ್ ಇಟ್ಕೊಂಡು ಯಾರಾದ್ರೂ ಹಿಂಗೆ ಬಟ್ಟೆ ಹರ್ಕೊತಾರಾ? ಮನೆಗೆ ಒಳ್ಳೇದಲ್ಲ ಇದು. ಕತ್ತೆತ್ತಿ ನೋಡಿದ್ರೆ ದೀಪ ಮಿಟುಕಿಸತ್ತೆ, ನಾನೇನೋ ಅದರ ನೆಂಟರವಳು ಅನ್ನೋ ಥರ!"

ಸೊಸೆ ನಗುತ್ತಿದ್ದಳು. ಅತ್ತೆ ನಗುತ್ತಿರಲಿಲ್ಲ. ಅವರು ಹುಟ್ಟಿ ಬೆಳೆದ ಊರು ಇದೇ ಹಿನ್ನೀರಿನ ತಳದಲ್ಲಿತ್ತು. ಅಣೆಕಟ್ಟು ಕಟ್ಟಿದಾಗ ಬೀದಿ, ಬಾವಿ, ಮನೆ ಎಲ್ಲ ಇದ್ದ ಹಾಗೇ ಮುಳುಗಿದ್ದವು. ನೀರಿನ ಕಡೆಯಿಂದ ಬರುವ ಯಾವ ಸದ್ದನ್ನೂ ಅವರು ನಂಬುತ್ತಿರಲಿಲ್ಲ.

ಆ ದಿನ ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದಂತಿತ್ತು. ಮಗ ಪಾಳಿ ಮುಗಿಸಿ ಬಂದು ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ. ಸೊಸೆ ಊಟಕ್ಕೆಂದು ಅಂಗಡಿಯಿಂದ ಆಗಷ್ಟೇ ಬಂದಿದ್ದಳು. ಅತ್ತೆ ಪಾತ್ರೆ ಒರೆಸುತ್ತಿದ್ದರು.

ಪರ್ರ್.

ಅತ್ತೆ ಬೈಯಲೆಂದೇ ಗೂಡಿನ ಕಡೆ ತಿರುಗಿದರು. ಲ್ಯಾಪ್‌ಟಾಪಿನಲ್ಲಿ ಹಿನ್ನೀರಿನ ನಕ್ಷೆ ತೆರೆದಿತ್ತು. ನೀಲಿಯ ನಡುವೆ ಒಂದು ಕೆಂಪು ಚುಕ್ಕೆ ಮೂಡಿತ್ತು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಆದರೆ ಆ ಅಕ್ಷರಗಳ ಗುರುತು ಚೆನ್ನಾಗಿತ್ತು. ಮಗ ಚಹಾ ಕುಡಿಯುವ ಕಪ್ಪಿನ ಮೇಲೆ ಬರೆಸಿಕೊಂಡಿದ್ದ ಅಕ್ಷರಗಳೇ ಅವು. ಮಗನ ರೇಡಿಯೋ ಹೆಸರು.

"ಮಗಾ, ಎಲ್ಲಿದೀಯೋ?"

"ಇಲ್ಲೇ, ಬಚ್ಚಲಲ್ಲಿ. ಯಾಕಮ್ಮಾ?"

ಪರ್ರ್. ಚುಕ್ಕೆ ಸ್ವಲ್ಪ ಮುಂದೆ ಸರಿಯಿತು. ಬಚ್ಚಲಲ್ಲಿ ಮಗ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಲೇ ಇತ್ತು.

ಅತ್ತೆಯ ಕೈಯಿಂದ ತಟ್ಟೆ ಜಾರಿತು. ಅವರು ನೇರ ಹೋಗಿ ಗೋಡೆಯ ಪ್ಲಗ್ಗಿಗೆ ಕೈ ಹಾಕಿದರು. ಸದ್ದಿಗೆ ಓಡಿಬಂದ ಸೊಸೆ ಆ ಕೈ ಹಿಡಿದುಕೊಂಡಳು.

"ಬಿಡೇ! ನನ್ನ ಮಗ ಒಳಗಿದಾನೆ. ಅಲ್ಲಿ ನೀರಿನ ಮೇಲೆ ಅವನ ಹೆಸರು ಇಟ್ಕೊಂಡು ಓಡಾಡ್ತಿರೋದು ಯಾರು?"

ಸೊಸೆ ಪರದೆ ನೋಡಿದಳು. ಅವಳ ಮುಖವೂ ಬಿಳುಪೇರಿತು. ಆದರೂ ನಿಧಾನವಾಗಿ ಹೇಳಿದಳು. "ಅತ್ತೆ, ಹೆಸರಿನ ಪಕ್ಕ ಎಂಟು ಅಂತ ಇದೆ ನೋಡಿ. ಇವರು ಹಾಕಿರೋ ಗುರುತು ಅದು, ದೋಣಿ ಅಂತ. ದೋಣೀಲೂ ಒಂದು ರೇಡಿಯೋ, ಸಣ್ಣ ಮೋಡೆಮ್ಮು ಇದೆ. ತಾನು ಎಲ್ಲಿದೀನಿ ಅಂತ ಅದೇ ಹೇಳ್ತಾ ಇರತ್ತೆ, ಯಾರೂ ಮುಟ್ಟೋದು ಬೇಡ."

ಮಗನಿಗೆ ಒಂದು ಹಳೇ ಮೋಟಾರು ದೋಣಿಯಿತ್ತು. ಇಬ್ಬರು ಕೂರುವಷ್ಟು ಕ್ಯಾಬಿನ್ನು. ರಜೆಯ ದಿನ ಗಾಳ ಹಾಕುವ ಶೋಕಿಗೆ ಇಟ್ಟುಕೊಂಡದ್ದು. ಅವನು ಟವೆಲ್ಲಿನಲ್ಲಿ ಮುಖ ಒರೆಸುತ್ತ ಬಂದವನು ಪರದೆ ನೋಡಿ ಹಾಗೇ ನಿಂತ.

"ದೋಣಿ ಕಟ್ಟಿದೀನಲ್ಲ ನಾನು."

"ಹಗ್ಗ ಬಿಚ್ಚಿ ತೇಲಿಹೋಗಿರಬಹುದು ಕಣ್ರೀ," ಅಂದಳು ಸೊಸೆ.

"ತೇಲಿದ್ರೆ ಮೋಡೆಮ್ಮು ಸುಮ್ಮನಿರಬೇಕಿತ್ತು. ಎಂಜಿನ್ ಕೀ ತಿರುಗಿಸಿದ್ರೆ ಮಾತ್ರ ಅದಕ್ಕೆ ಕರೆಂಟು."

ಅಂದರೆ ಕೀ ತಿರುಗಿಸಿದವರು ಯಾರೋ ಇದ್ದಾರೆ. ಅತ್ತೆಗೆ ಮೊದಲು ಹೊಳೆಯಿತು. "ಅಯ್ಯೋ, ನನ್ನ ತಮ್ಮ!"

ಅತ್ತೆಯ ತಮ್ಮ ಮೆಕ್ಯಾನಿಕ್. ಊರೆಲ್ಲ ಅವನನ್ನು ಸ್ಪ್ಯಾನರ್ ಮಾವ ಅನ್ನುತ್ತಿತ್ತು. ದೋಣಿಯ ಇನ್ನೊಂದು ಕೀ ಅವನ ಹತ್ತಿರವೇ ಇತ್ತು. ಎಂಜಿನ್ ನೋಡುತ್ತೇನೆ ಅಂದಿದ್ದ. ಮಂಜು ಕರಗಲಿ ಮಾವ ಅಂದಿದ್ದ ಮಗ. ಈಗ ಫೋನ್ ಮಾಡಿದರೆ ಹೆಂಗಸಿನ ತಣ್ಣನೆಯ ದನಿ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೇಳಿದ್ದನ್ನೇ ಹೇಳುತ್ತಿತ್ತು.

ಪರ್ರ್. ಪರ್ರ್. ಚುಕ್ಕೆ ಹೋದ ದಾರಿ ಪರದೆಯ ಮೇಲೆ ಗೆರೆಯಾಗಿ ಉಳಿಯುತ್ತಿತ್ತು. ಗೆರೆ ಬಾಗಿತು. ಬಾಗಿ ಬಾಗಿ ಬಳೆಯಾಯಿತು. ಅದರ ಮೇಲೇ ಇನ್ನೊಂದು ಬಳೆ. ಹೋಗುವುದೆಲ್ಲಿಗೂ ಇಲ್ಲ, ನಿಲ್ಲುವುದೂ ಇಲ್ಲ. ಒಂದೇ ಜಾಗದಲ್ಲಿ ಗಾಣದ ಎತ್ತಿನ ಹಾಗೆ ಸುತ್ತು.

"ಅದು ಯಾವ ಜಾಗ?" ಎಂದರು ಅತ್ತೆ. ಕೇಳುವಾಗಲೇ ಅವರಿಗೆ ಗೊತ್ತಿತ್ತು. ಅಣೆಕಟ್ಟು ಇತ್ತ, ಗುಡ್ಡ ಅತ್ತ, ನಡುವೆ ಅವರ ಹಳೇ ಊರು. "ನಮ್ಮ ಬೀದಿ ಅದು. ನಮ್ಮನೆ ಸುತ್ತಾನೇ ಸುತ್ತುತಿದಾನೆ. ಕೆಳಗಿನಿಂದ ಯಾರೋ ಕರೆದಿದಾರೆ ಕಣೇ."

"ಯಾರಾದ್ರೂ ಕರೀಲಿ ಅತ್ತೆ, ನಾವು ವಾಪಸ್ ಕರ್ಕೊಂಡು ಬರೋಣ," ಎಂದಳು ಸೊಸೆ. ಆಗಲೇ ರಕ್ಷಣಾ ದೋಣಿಯವರಿಗೆ ಫೋನ್ ಹಚ್ಚಿದ್ದಳು.

"ಈ ಮಂಜಲ್ಲಿ ಎಲ್ಲಿ ಅಂತ ಹುಡುಕೋದಮ್ಮಾ? ನಮ್ಮ ಮೂಗೇ ನಮಗೆ ಕಾಣ್ತಿಲ್ಲ," ಎಂದರು ಅವರು.

"ಎಲ್ಲಿ ಅಂತ ನಾನು ಹೇಳ್ತೀನಿ. ನೀವು ಹೊರಡಿ."

ಮಗ ಕೈ-ರೇಡಿಯೋ ಹಿಡಿದು ಓಡಿದ. ರಕ್ಷಣಾ ದೋಣಿಯಲ್ಲಿ ಜಾಗ ತೋರಿಸುವ ಯಂತ್ರವಿತ್ತು; ಎಲ್ಲಿಗೆ ಹೋಗಬೇಕೆಂಬ ಅಕ್ಷಾಂಶ ರೇಖಾಂಶದ ಅಂಕಿ ಮಾತ್ರ ಇರಲಿಲ್ಲ. ಅದನ್ನು ಮನೆಯಿಂದ ಸೊಸೆ ತನ್ನ ಕೈ-ರೇಡಿಯೋದಲ್ಲಿ ಓದಿ ಹೇಳತೊಡಗಿದಳು. ಅತ್ತೆ ಮೋಡೆಮ್ಮಿನ ಮುಂದೆ ಕೂತರು. ದೀಪ ಮಿಣುಕಿದ ಕೂಡಲೆ "ಬಂತು!" ಅನ್ನುವುದು ಅವರ ಕೆಲಸ. ನಡುನಡುವೆ ತಮ್ಮನ ಚಿಕ್ಕಂದಿನ ಹೆಸರು ಹಿಡಿದು ಪರದೆಯ ಚುಕ್ಕೆಯನ್ನೇ ಕರೆಯುತ್ತಿದ್ದರು. "ಬಾರೋ ಗುಬ್ಬಿ. ಸುತ್ತಿದ್ದು ಸಾಕು, ಬಾರೋ."

ಮಗನ ದನಿ ರೇಡಿಯೋದಲ್ಲಿ ಬಂತು. "ಎಂಜಿನ್ ಸದ್ದು ಕೇಳ್ತಿದೆ. ಆದ್ರೆ ಎಲ್ಲಾ ಕಡೆಯಿಂದಲೂ ಕೇಳ್ತಿದೆ. ಎದುರಿಗೆ ಅಂತ ಹೋದ್ರೆ ಬೆನ್ನ ಹಿಂದೆ ಹೋಗತ್ತೆ."

"ಸದ್ದು ನಂಬಬೇಡಿ. ಅಂಕಿ ನಂಬಿ. ಹೊಸದು ಹೇಳ್ತೀನಿ, ಆ ಕಡೆ ತಿರುಗಿ."

ಸ್ವಲ್ಪ ಹೊತ್ತಿನ ಮೇಲೆ ಮಗ ಪಿಸುಗುಟ್ಟಿದ. "ಸದ್ದು ನಿಂತುಹೋಯ್ತು."

ಅತ್ತೆ ಗೂಡಿನತ್ತ ಬಾಗಿದರು. ಡಬ್ಬಿಯ ದೀಪ ಆರಿತ್ತು. ಇಷ್ಟು ದಿನ ಯಾವ ಸದ್ದಿಗೆ ಶಾಪ ಹಾಕಿದ್ದರೋ ಅದೇ ಸದ್ದಿಗಾಗಿ ಮೈಯೆಲ್ಲ ಕಿವಿಯಾಗಿ ಕಾದರು. ಮನೆಯೊಳಗೆ ನಲ್ಲಿಯ ಹನಿ ಬಿಟ್ಟರೆ ಬೇರೆ ಸದ್ದಿಲ್ಲ.

ಪರ್ರ್.

"ಬಂತು! ಬಂತು ಕಣೇ!"

"ಎಂಜಿನ್ ಸತ್ತಿದೆ, ಬ್ಯಾಟರಿ ಇನ್ನೂ ಇದೆ," ಎನ್ನುತ್ತ ಸೊಸೆ ಹೊಸ ಅಂಕಿ ಓದಿದಳು. ಆಮೇಲೆ ರೇಡಿಯೋದಲ್ಲಿ ಮರಕ್ಕೆ ಮರ ತಾಗಿದ ಸದ್ದು, ಯಾರೋ ಕೂಗಿದ್ದು, ಕೊನೆಗೆ ಮಗನ ದನಿ. "ಸಿಕ್ಕಿದ್ರು. ಉಸಿರಿದೆ. ಅಮ್ಮನಿಗೆ ಹೇಳು, ಉಸಿರಿದೆ."

ಸ್ಪ್ಯಾನರ್ ಮಾವ ಆಸ್ಪತ್ರೆಯ ಮಂಚದ ಮೇಲೆ ಕೂತು ನಡೆದದ್ದು ಹೇಳಿದ. ರಿಪೇರಿ ಸರಿಯಾಯಿತೋ ನೋಡೋಣ ಎಂದು ದೋಣಿ ಬಿಟ್ಟಿದ್ದ. ಚಳಿಗೆ ಕ್ಯಾಬಿನ್ ಬಾಗಿಲು ಹಾಕಿಕೊಂಡಿದ್ದ. ಹೊಗೆಯ ಕೊಳವೆ ಒಡೆದಿದ್ದು ಗೊತ್ತಾಗಲಿಲ್ಲ. ಹೊಗೆಯಲ್ಲಿನ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸಿಡಿಯಿತು, ಹಿಂದಿರುಗಲೆಂದು ಚುಕ್ಕಾಣಿ ಎಳೆದ, ಅದು ಹಾಗೇ ಕಚ್ಚಿಕೊಂಡಿತು. ಕಾಲು ಕುಸಿಯಿತು.

"ಬಾಗಿಲು ಯಾವ ಕಡೆ ಅಂತಾನೇ ತಿಳೀಲಿಲ್ಲ ಕಣಕ್ಕಾ. ಕಣ್ಣು ಕತ್ತಲೆ. ಆ ಪರ್ರ್ ಅನ್ನೋ ಸದ್ದು ಮಾತ್ರ ಬರ್ತಿತ್ತು. ಅದರ ಕಡೆ ತೆವಳಿದೆ."

ಮನೆಯ ಮೋಡೆಮ್ ತನಗೆ ಕೇಳಿದ್ದನ್ನು ಮತ್ತೆ ಗಾಳಿಗೆ ಬಿಡುವಂತೆ ಮಗ ಹೊಂದಿಸಿದ್ದ, ದೂರದ ಹವ್ಯಾಸಿಗಳಿಗೂ ತಲುಪಲೆಂದು. ದೋಣಿಯ ರೇಡಿಯೋ ಬಾಗಿಲ ಪಕ್ಕದಲ್ಲಿತ್ತು. ಮನೆಯಿಂದ ಮರಳಿ ಬಂದ ಪೊಟ್ಟಣಗಳೇ ಅದರಲ್ಲಿ ಸದ್ದು ಮಾಡಿದ್ದವು. ಮಾವ ಬಾಗಿಲು ತಳ್ಳಿ, ತಲೆ ಹೊರಗೆ ಚಾಚಿ ಬಿದ್ದಿದ್ದ. ಹೊರಗಿನ ಗಾಳಿಯೇ ಅವನನ್ನು ಉಳಿಸಿತ್ತು. ಪ್ಲಗ್ ಕಿತ್ತಿದ್ದರೆ? ಅತ್ತೆ ತಮ್ಮ ಕೈಯನ್ನೇ ನೋಡುತ್ತ ಕೂತರು.

"ಅದಿರಲಿ," ಎಂದ ಮಾವ. "ಆ ಸದ್ದಿನ ನಡುವೆ ಯಾರೋ ನನ್ನನ್ನ ಗುಬ್ಬೀ ಅಂತ ಕರೆದ್ರಲ್ಲ, ಯಾರದು?"

ಸೊಸೆ ಗಂಡನ ಮುಖ ನೋಡಿದಳು. ಅತ್ತೆಯ ಕೂಗು ಕೈ-ರೇಡಿಯೋಗೆ ಬಿದ್ದಿದ್ದರೂ ದೋಣಿಯ ರೇಡಿಯೋ ಇದ್ದ ಚಾನೆಲ್ಲೇ ಬೇರೆ. ಮೋಡೆಮ್ ಸಾಗಿಸುವುದು ಅಕ್ಷರವನ್ನು, ದನಿಯನ್ನಲ್ಲ. "ಹೊಗೆಗೆ ತಲೆ ಕೆಟ್ಟಿತ್ತು ಮಾವ, ಏನೇನೋ ಕೇಳ್ಸಿರತ್ತೆ," ಎಂದಳು. ಅತ್ತೆ ತಮ್ಮನ ಹೊದಿಕೆ ಸರಿ ಮಾಡಿದರು.

ಮನೆಗೆ ಬಂದ ಮೇಲೆ ಅತ್ತೆ ಸೊಸೆಯನ್ನು ಗೂಡಿನ ಮುಂದೆ ಕೂರಿಸಿಕೊಂಡರು. "ಕರೆಂಟ್ ಹೋದ್ರೆ ಇದರ ಗತಿ ಏನು?"

"ನಿಂತುಹೋಗತ್ತೆ ಅತ್ತೆ. ಬೇರೆ ಬ್ಯಾಟರಿ ಇಡಬೇಕು."

"ಇಡು ಮತ್ತೆ! ಇಷ್ಟು ದಿನ ಏನು ಮಾಡ್ತಿದ್ದೆ? ಆ ಪರೀಕ್ಷೆ ನನಗೂ ಕೊಡ್ತಾರಾ?"

"ಕೊಡ್ತಾರೆ. ಆದ್ರೆ ಓದಬೇಕು. ಇಂಗ್ಲಿಷ್ ಅಕ್ಷರಾನೂ ಕಲೀಬೇಕು."

"ನಿನ್ನ ಗಂಡನ ಹೆಸರಿನ ಅಷ್ಟೂ ಅಕ್ಷರ ಬರತ್ತೆ ನಂಗೆ. ಮಿಕ್ಕಿದ್ದು ಕಲಿಸು."

ಈಗ ನಿಮಗೊಂದು ಮಾತು. ನಿಮ್ಮೂರಿನ ಹತ್ತಿರವೂ ನೀರು, ಗುಡ್ಡ, ಕಾಡು, ಫೋನ್ ಮುಟ್ಟದ ಜಾಗ ಇದ್ದೀತು. ಹವ್ಯಾಸಿ ರೇಡಿಯೋ ಕಲಿಯಿರಿ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಮೇಲೇ ಗಾಳಿಗೆ ಸದ್ದು ಬಿಡಿ. ಲೈಸೆನ್ಸ್ ಇಲ್ಲದೆ ಕೇಳುತ್ತ ಕಲಿಯುವುದಕ್ಕೂ ನಿಮ್ಮಲ್ಲಿನ ನಿಯಮ ಏನೆಂದು ಮೊದಲು ವಿಚಾರಿಸಿ. ಮೋಡೆಮ್ ಕೊಂಡು ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಅದರ ಸದ್ದು ವಿಪರೀತ ಜೋರಾದರೆ ಪೊಟ್ಟಣ ಕೆಡುತ್ತದೆ, ತೀರ ಸಣ್ಣಗಾದರೆ ಆ ಕಡೆ ತಲುಪುವುದಿಲ್ಲ. ತಿಳಿದ ಹವ್ಯಾಸಿಗಳ ಜೊತೆ ಕೂತು ಹೊಂದಿಸಿಕೊಳ್ಳಿ. ಚಾನೆಲ್ಲಿನಲ್ಲಿ ಬೇರೆಯವರಿದ್ದಾರಾ ಎಂದು ಕೇಳಿಸಿಕೊಂಡು ಕಳಿಸಿ. ವ್ಯಾಪಾರಕ್ಕೆ ಬಳಸಬೇಡಿ, ಗುಟ್ಟಿನ ಭಾಷೆ ಬೇಡ, ಬೇರೆಯವರ ಕಾಲ್ ಸೈನ್ ಬೇಡವೇ ಬೇಡ. ರೇಡಿಯೋ ಇದೆ ಎಂದು ಲೈಫ್ ಜಾಕೆಟ್ ಬಿಟ್ಟು ಹೋಗಬೇಡಿ. ಎಂಜಿನ್ ಓಡುವಾಗ ಬಾಗಿಲು ಮುಚ್ಚಿಕೊಂಡು ಕೂರಬೇಡಿ.

ಮತ್ತೆ, ನೀವೊಬ್ಬರೇ ಕಲಿತರೆ ಸಾಲದು. ಪರದೆಯ ಮೇಲಿನ ಚುಕ್ಕೆ ಏನು ಹೇಳುತ್ತಿದೆ ಎಂದು ಮನೆಯ ಇನ್ನೊಬ್ಬರಿಗೂ ಹೇಳಿಕೊಡಿ. ಮಂಜಿನೊಳಗೆ ಸಿಕ್ಕಿಕೊಳ್ಳುವವರು ನೀವೇ ಆಗಿರಬಹುದು. ಆಗ ಓದುವವರು ಬೇಕು.