ಕೊನೆಯಿಲ್ಲದ ಅಂಗಿ

ಅಫ್ರೀನ್ ಚೀಲದ ಬಾಯಿ ಬಿಚ್ಚಿ ಹುಣಸೆ ಬೀಜಗಳನ್ನು ಬಿಳಿ ಚಾದರದ ಮೇಲೆ ಸುರಿಯುತ್ತಿದ್ದಳು. ಕ್ರಾಂತಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಮನಸಾರೆ ಅತ್ತರು. ಅಫ್ರೀನಳ ತಾಯಿ ಜಾನಬಿ ಬೆಳಗಿನ ಜಾವ ತೀರಿಕೊಂಡಿದ್ದಳು. ಸುದ್ದಿ ತಿಳಿದ ಕ್ರಾಂತಿ ಹರಪನಹಳ್ಳಿಯ ಕಾಲೇಜಿಗೆ ರಜೆ ಹೇಳಿ, ಸಿಕ್ಕ ಬಸ್ಸು ಹತ್ತಿ ಕೊಟ್ಟೂರಿಗೆ ಬಂದಿದ್ದಳು.

"ಅವ್ವಗ ನೀರು ಹಾಕಾಕ ಹತ್ಯಾರ," ಎಂದು ಅಫ್ರೀನ್ ಹಿತ್ತಲಿಗೆ ಕಟ್ಟಿದ್ದ ಪರದೆಯ ಕಡೆ ಕೈ ತೋರಿಸಿದಳು. "ಮಧ್ಯಾಹ್ನದ ನಮಾಜಿಗೆ ಎತ್ತತಾರ. ಅಷ್ಟರಾಗ ಓದೋದು ಮುಗೀಬೇಕು."

ಹೆಂಗಸರು ಚಾದರದ ಸುತ್ತ ಕೂತರು. ಒಂದು ಸಲ ಕಲ್ಮಾ ಓದಿ ಒಂದು ಬೀಜ ಆಚೆ ಸರಿಸುವುದು, ಮತ್ತೆ ಓದಿ ಮತ್ತೊಂದು. ಎಣಿಸುವ ತಾಪತ್ರಯವೇ ಇಲ್ಲ. ಈ ಕಡೆಯ ರಾಶಿ ಆ ಕಡೆಗೆ ಹೋದರೆ ಅಷ್ಟೂ ಪುಣ್ಯ ಸತ್ತವರಿಗೆ ಸಲ್ಲುತ್ತದೆ. ಮಣ್ಣು ಕೊಡಲು ಖಬರಸ್ತಾನಕ್ಕೆ ಹೋಗುವವರು ಗಂಡಸರು. ಹೆಂಗಸರು ಬೀಳ್ಕೊಡುವುದು ಇಲ್ಲೇ, ಹೀಗೇ. ಕ್ರಾಂತಿಗೆ ಇದ್ದ ಆಸೆಯೂ ಇಷ್ಟೇ: ತಾನು ಖಾಲಾ ಎನ್ನುತ್ತಿದ್ದ ಜಾನಬಿ ಈ ಮನೆಯ ಹೊಸ್ತಿಲು ದಾಟುವ ಮೊದಲು ತನ್ನದೂ ಏನಾದರೂ ಅವಳಿಗೆ ಮುಟ್ಟಬೇಕು. ಜಾಗ ಮಾಡಿಕೊಂಡು ಕೂತು ಬೀಜದ ಕಡೆ ಕೈ ಚಾಚಿದಳು.

ಎದುರಿಗಿದ್ದ ಹುಸೇನಬಿ ತಲೆಯೆತ್ತಿದಳು. ಆಕೆ ಜಾನಬಿಯ ಅಕ್ಕ. ಸಾವಿನ ಮನೆಯಲ್ಲೂ ಶಿಸ್ತು ಬಿಡದ ಮುದುಕಿ.

"ನಿನಗ ಕಲ್ಮಾ ಬರ್ತೈತೇನವ್ವ?"

"ಇಲ್ಲ್ರಿ."

"ಮತ್ತ ಸುಮ್ಕ ಕುಂದ್ರು. ಓದದ ಬೀಜ ಸರಿಸಿದ್ರ ಅಕಿಗೆ ಮುಟ್ಟಂಗಿಲ್ಲ."

ಕ್ರಾಂತಿ ಕೈ ಹಿಂದಕ್ಕೆ ತೆಗೆದುಕೊಂಡಳು. ಬೇಜಾರಾಯಿತು, ಆದರೆ ಸಿಟ್ಟು ಬರಲಿಲ್ಲ. ಎಷ್ಟೆಂದರೂ ಗಣಿತ ಕಲಿಸುವವಳು. ಒಂದಕ್ಕೊಂದು ಜೋಡಿ ಹಾಕುವಾಗ ನಡುವೆ ಸುಳ್ಳು ಜೋಡಿ ನುಗ್ಗಿಸಬಾರದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಅವಳ ತಲೆಗೆ ಹೊಕ್ಕದ್ದೂ ಇದೇ ಮನೆಯ ಮುಂದಿನ ಕಟ್ಟೆಯ ಮೇಲೆ.

*

ಕ್ರಾಂತಿಯ ಅವ್ವ ಮಾರೆಮ್ಮ ಆಸ್ಪತ್ರೆಯಲ್ಲಿ ಆಯಾ. ಅವಳು ಕೆಲಸಕ್ಕೆ ಹೋದಾಗೆಲ್ಲ ಮಗಳು ಪಕ್ಕದ ಮನೆ ಜಾನಬಿಯ ಪಾಲು. ಜಾನಬಿಯ ಗಂಡ ನಬೀಸಾಬ್ ದರ್ಜಿ. ಅವನು ಅಂಗಿ ಹೊಲಿದರೆ, ಇವಳು ಕಟ್ಟೆಯ ಮೇಲೆ ಕೂತು ಗುಂಡಿ ಹಚ್ಚಿ, ಗುಂಡಿ ತೂರಿಸುವ ತೂತಿಗೆ ದಾರದ ಅಂಚು ಕಟ್ಟಿ ಕಾಜ ಮಾಡುವಳು.

ಎಂ.ಎಸ್ಸಿ. ಮೊದಲ ವರ್ಷದ ರಜೆಯಲ್ಲಿ ಕ್ರಾಂತಿ ಪುಸ್ತಕ ಮುಚ್ಚಿಟ್ಟು ಅದೇ ಕಟ್ಟೆಗೆ ಬಂದು ಕೂತಿದ್ದಳು. ಓದು ಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನವಾಗಿತ್ತು.

"ಯಾಕ ಮಾರಿ ಇಳಿ ಬಿಟ್ಟೀ?" ಎಂದು ಜಾನಬಿ ಕೇಳಿದಳು.

"ಎರಡು, ನಾಕು, ಆರು ಅಂತ ಸಮಸಂಖ್ಯೆ ಅದಾವಲ್ಲ ಖಾಲಾ, ಅವು ಎಲ್ಲಾ ಸಂಖ್ಯೆ ಎಷ್ಟು ಅದಾವೋ ಅಷ್ಟ ಅದಾವಂತ. ಪುಸ್ತಕದಾಗ ಬರ್ದಾರ. ನನ್ನ ತಲೀಗೆ ಹೋಗವಲ್ದು."

"ಹೆಂಗ ಹೋಗ್ತೈತಿ? ಅರ್ಧ ಅಂದ್ರ ಅರ್ಧ. ಯಾರಿಗೆ ಟೋಪಿ ಹಾಕ್ತಾರ ಅವರು?"

ಜಾನಬಿ ತನ್ನ ಪರ ವಹಿಸಿದ್ದೇ ತಡ, ಕ್ರಾಂತಿಗೆ ಪುಸ್ತಕದ ಪರ ವಾದಿಸುವ ಹುರುಪು ಬಂತು. ಎಣಿಸುವುದೇ ಬೇಡ, ಜೋಡಿ ಹಾಕೋಣ ಎಂದಳು. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು. ಎಲ್ಲ ಸಂಖ್ಯೆಗಳು ಕಾಜ, ಸಮಸಂಖ್ಯೆಗಳು ಗುಂಡಿ ಎಂದುಕೊಂಡರೆ ಯಾವ ಕಾಜವೂ ಖಾಲಿಯಿಲ್ಲ, ಯಾವ ಗುಂಡಿಯೂ ಮಿಕ್ಕಿಲ್ಲ.

"ತಿಳೀಲಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದಳು. ಜಾನಬಿ ಒಪ್ಪಲಿಲ್ಲ. "ಮ್ಯಾಲಿನ ಕಾಜ ಬಿಟ್ಟು ಗುಂಡಿ ಹಾಕ್ಕೊಂಡ್ರ ಕೆಳಗ ಒಂದು ಗುಂಡಿ ಉಳೀತೈತಿ. ನಿಮ್ಮ ಚಾಚಾ ದಿನಾ ಹಂಗ ಹಾಕ್ಕೊಂಡು ಹೊಂಡ್ತಾರ. ತಪ್ಪು ಎಲ್ಲ್ಯಾರ ಒಂದ್ಕಡಿ ಕಾಣಾಕಬೇಕು."

ಕ್ರಾಂತಿ ಅವಳ ತೊಡೆಯ ಮೇಲಿದ್ದ ಅಂಗಿಯನ್ನೇ ನೋಡಿದಳು. "ಖಾಲಾ, ಈ ಅಂಗಿಗೆ ಕೆಳಗಿನ ಅಂಚ ಇಲ್ಲ ಅಂದ್ಕೊ! ಕಡೀ ಗುಂಡಿ ಅನ್ನೋದ ಇಲ್ಲ. ಮ್ಯಾಲಿನ ಕಾಜ ಖಾಲಿ ಬಿಟ್ರೂ ಎಲ್ಲಾ ಗುಂಡಿಗೂ ಒಂದೊಂದು ಕಾಜ ಸಿಗ್ತೈತಿ. ಉಳಿಯಾಕ ಜಾಗಾನ ಇಲ್ಲ!"

ಹೇಳುತ್ತ ಹೇಳುತ್ತ ಅದು ಅವಳಿಗೇ ಅರ್ಥವಾಗಿಬಿಟ್ಟಿತು.

"ಅಂಥಾ ಅಂಗಿ ಯಾರು ಹೊಲಸ್ತಾರ? ಬಟ್ಟಿ ಎಲ್ಲಿಂದ ತರೋದು?" ಎಂದು ಜಾನಬಿ ನಕ್ಕಳು. "ಹಂಗಾರ ಕೊನಿ ಇಲ್ಲದ್ದೆಲ್ಲಾ ಒಂದ ಅಳತಿ ಅಂದಂಗಾತು."

"ಇಲ್ಲ ಖಾಲಾ. ಅದರಾಗೂ ಸಣ್ಣದು ದೊಡ್ಡದು ಅದಾವ."

ಕ್ರಾಂತಿ ಕಪ್ಪು ಬಿಳಿ ಗುಂಡಿಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿದಳು. ಒಂದೊಂದು ಸಾಲೂ ಕೊನೆಯಿಲ್ಲದೆ ಹೋಗುತ್ತದೆ, ಸಾಲುಗಳಿಗೂ ಕೊನೆಯಿಲ್ಲ ಎಂದುಕೊಳ್ಳಬೇಕು. ಮೊದಲ ಸಾಲಿನ ಮೊದಲ ಗುಂಡಿ ಕಪ್ಪು. ಅವಳು ಪಕ್ಕಕ್ಕೆ ಬಿಳಿಯದೊಂದನ್ನು ಇಟ್ಟಳು. ಎರಡನೇ ಸಾಲಿನ ಎರಡನೆಯದು ಬಿಳಿ, ಅದಕ್ಕೆ ಕಪ್ಪು. ಮೂರನೇ ಸಾಲಿನ ಮೂರನೆಯದಕ್ಕೂ ಹಾಗೇ ಉಲ್ಟಾ. ಹೀಗೆ ಪಕ್ಕದಲ್ಲಿ ಹೊಸ ಸಾಲೊಂದು ಬೆಳೆಯಿತು. ಅದು ಚಾಪೆಯ ಮೇಲಿನ ಪ್ರತಿಯೊಂದು ಸಾಲಿಗಿಂತಲೂ ಒಂದಲ್ಲ ಒಂದು ಜಾಗದಲ್ಲಿ ಬೇರೆಯಾಗಿತ್ತು.

"ಅಂದ್ರ ಇದು ಚಾಪಿ ಮ್ಯಾಲ ಎಲ್ಲೂ ಇಲ್ಲ?"

"ಇಲ್ಲ."

"ತಗೊಂಡು ಇಟ್ರಾತು."

"ಇಡು. ಹಿಂಗ ಮಾಡಿದ್ರ ಮತ್ತೊಂದು ಹುಟ್ಟತೈತಿ. ಎಷ್ಟು ಸಾಲು ಹಚ್ಚಿದ್ರೂ ಒಂದು ಹೊರಗ ಉಳೀತೈತಿ. ಅದಕ್ಕ ಇಂಥಾ ಸಾಲು ಸಂಖ್ಯೆಗಿಂತ ಹೆಚ್ಚು ಅನ್ನೋದು."

ಜಾನಬಿ ಗುಂಡಿಗಳನ್ನು ಬಹಳ ಹೊತ್ತು ದಿಟ್ಟಿಸಿದಳು. "ತಿಳೀಲಿಲ್ಲ. ಇನ್ನೊಂದ್ಸಲ ಹೇಳು."

ಆ ರಜೆಯೆಲ್ಲ ಅದೇ ಆಯಿತು. ಅವಳಿಗೆ ಕೊನೆಗೂ ತಿಳಿಯಿತೋ ಇಲ್ಲವೋ, ಕ್ರಾಂತಿ ಮಾತ್ರ ಪುಸ್ತಕ ತೆಗೆದುಕೊಂಡು ಮತ್ತೆ ಕಾಲೇಜಿಗೆ ಹೋದಳು.

*

ನಬೀಸಾಬ್ ಹೆಂಡತಿಯ ಮೈಗೆ ಸುತ್ತುವ ಕಫನಿನ ಬಟ್ಟೆ ಹಿಡಿದು ಬಂದು ಬಾಗಿಲ ಹತ್ತಿರ ನಿಂತ. ಗೋಡೆಗೆ ಒರಗಿ ಕೂತಿದ್ದ ಮಾರೆಮ್ಮ ಎದ್ದು ಹೋಗಿ ಅದನ್ನು ಇಸಿದುಕೊಂಡಳು.

"ಜೀವಮಾನಾ ಪೂರ್ತಿ ಹೊಲ್ದೆ ಮಾರೆಮ್ಮ," ಎಂದ ಅವನು. "ಇವತ್ತ ಇಕಿ ಬಟ್ಟಿಗೆ ಒಂದು ಹೊಲಿಗಿ ಹಾಕಂಗಿಲ್ಲ. ಕಾಜ ಇಲ್ಲ, ಗುಂಡಿ ಇಲ್ಲ."

"ಅಳಬ್ಯಾಡ್ರಿ ಅಣ್ಣ. ಬಾಳ ಚಲೋ ಬಾಳ್ವಿ ಮಾಡ್ಯಾಳ," ಎನ್ನುತ್ತ ಮಾರೆಮ್ಮ ತಾನೇ ಅತ್ತಳು.

ಚಾದರದ ಮೇಲಿನ ರಾಶಿ ಕರಗುತ್ತ ಬಂದಿತ್ತು. ಇನ್ನು ಸುಮ್ಮನಿದ್ದರೆ ಆಗದು ಎನ್ನಿಸಿ ಕ್ರಾಂತಿ ಹುಸೇನಬಿಯ ಪಕ್ಕಕ್ಕೆ ಜರುಗಿದಳು.

"ಖಾಲಾ, ನನಗ ಕಲ್ಮಾ ಬರಂಗಿಲ್ಲ. ಆದ್ರ ಅಕಿ ನನಗ ಮಾಡಿದ್ದು ನೆನಿಸ್ಕೊಂಡು, ಒಂದಕ್ಕ ಒಂದು ಬೀಜ ಸರಸ್ತೀನಿ. ಸುಳ್ಳು ಒಂದೂ ಸರಿಸಂಗಿಲ್ಲ."

ಮುದುಕಿ ಅವಳ ಮುಖ ನೋಡಿದಳು. "ನಮ್ಮ ರಾಶ್ಯಾಗ ಕೂಡಸಬ್ಯಾಡ. ನಿಂದು ಬ್ಯಾರೆ ಇರ್ಲಿ," ಎಂದು ಒಂದು ಹಿಡಿ ಬೀಜ ಅವಳ ಮುಂದೆ ನೆಲಕ್ಕೆ ಹಾಕಿದಳು.

ಶಾಲೆಯ ಲಂಗದ ಅಂಚನ್ನು ವರ್ಷ ವರ್ಷವೂ ಬಿಚ್ಚಿ ಉದ್ದ ಮಾಡಿಕೊಟ್ಟದ್ದಕ್ಕೆ ಒಂದು ಬೀಜ. ಜ್ವರ ಬಂದಾಗ ಗಂಜಿ ಕುಡಿಸಿದ್ದಕ್ಕೆ ಒಂದು. ಅಫ್ರೀನಳಿಗೆ ಬಳೆ ಕೊಂಡಾಗ ತನಗೂ ಕೊಂಡದ್ದಕ್ಕೆ ಒಂದು. ತಿಳಿಯದ್ದನ್ನು ತಿಳಿಯಲಿಲ್ಲ ಎಂದು ನಾಚದೆ ಹೇಳಿದ್ದಕ್ಕೆ ಒಂದು. ಎಲ್ಲ ಸಾಲಾಗಿ ಬಂತು ಎನ್ನುವಷ್ಟರಲ್ಲಿ ಸಾಲಿನಲ್ಲಿ ಇರದ ಒಂದು ನೆನಪಾಗುತ್ತಿತ್ತು. ಅದಕ್ಕೆ ಬೀಜ ಸರಿಸುವಾಗ ಇನ್ನೊಂದು. ಕ್ರಾಂತಿ ಅಳುತ್ತಿದ್ದಳು, ಜೊತೆಗೆ ಎದೆ ತುಂಬಿ ಬರುತ್ತಿತ್ತು. ಇಂಥವಳ ಪಕ್ಕದ ಮನೆಯಲ್ಲಿ ಹುಟ್ಟಿದ ತನ್ನ ಪುಣ್ಯವೇ ಪುಣ್ಯ ಎಂದುಕೊಂಡಳು.

ಚಾದರದ ರಾಶಿ ಪೂರ್ತಿ ಆಚೆಗೆ ಹೋಯಿತು. ಹೆಂಗಸರು ಕೈಯೆತ್ತಿ ಬೇಡಿ, ಮುಖ ಸವರಿಕೊಂಡು ಎದ್ದರು. ಗಂಡಸರು ಜನಾಜಾ ಎತ್ತಲು ಒಳಗೆ ಬಂದರು. ಕ್ರಾಂತಿಯ ಮುಂದಿನ ಬೀಜಗಳೂ ಮುಗಿದಿದ್ದವು. ಅವಳ ತುಟಿ ಇನ್ನೂ ಆಡುತ್ತಿತ್ತು, ಬೆರಳು ಬರಿ ನೆಲದ ಮೇಲೆ ಸರಿಯುತ್ತಿತ್ತು.

"ಮುಗೀತೇನವ್ವ?" ಎಂದು ಹುಸೇನಬಿ ಕೇಳಿದಳು.

ಕ್ರಾಂತಿ ಇಲ್ಲವೆಂದು ತಲೆಯಾಡಿಸಿದಳು.

"ಏ ನಬೀ, ಒಂದೀಟು ತಡೀರಿ," ಎಂದು ಹುಸೇನಬಿ ಕೂಗಿದಳು. "ಈ ಹುಡುಗೀದು ಇನ್ನೂ ಐತಿ."

ಹೆಗಲು ಕೊಡಲು ಬಗ್ಗಿದ್ದವರು ಹಾಗೇ ನಿಂತರು. ಮುದುಕಿ ಮಂಡಿಯೂರಿ ಕೂತು, ಓದಿ ಮುಗಿಸಿದ ರಾಶಿಗೇ ಎರಡೂ ಕೈ ಹಾಕಿ ಬೊಗಸೆ ತುಂಬ ಬೀಜ ಎತ್ತಿ ಕ್ರಾಂತಿಯ ಮುಂದೆ ಸುರಿದಳು.