ಎರಡು ಕೈ

"ಸೂಡಿ ಇಳ್ಯಾವ್ರ ಇಳೀರಿ! ಅಮ್ಮಾರ, ಕೋಳಿಗೆ ಅರ್ಧಾ ಟಿಕೀಟ ತಗೋರಿ, ಇಲ್ಲಾಂದ್ರ ತೊಡಿ ಮ್ಯಾಲ ಕುಂದ್ರಿಸ್ಕೋರಿ!"

ಮೂಗಿನಿಂದ ಬಸ್ ಕಂಡಕ್ಟರನ ದನಿ ತೆಗೆದು ಅಬ್ದುಲಮಜೀದ ಬಾಯಲ್ಲೇ ಸೀಟಿ ಊದಿದ. ಸೀಮಂತದ ಕುಬಸಕ್ಕೆಂದು ಪಡಸಾಲೆಯಲ್ಲಿ ಸೇರಿದ್ದ ಹೆಂಗಸರು ಗೊಳ್ಳೆಂದರು. ಅವನ ಎದುರು ಚಾಪೆಯ ಮೇಲೆ ಕೂತಿದ್ದ ಬಸುರಿ ಶ್ವೇತಾಳೂ ನಕ್ಕಳು. ಅವಳ ಅಂಗೈ ಸಡಿಲಾದ ಆ ಗಳಿಗೆಯಲ್ಲೇ ಹಸಿರು ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಜಾರಿತು.

ಅದು ಅವನ ಕಸುಬಿನ ಗುಟ್ಟು. ನಕ್ಕವರ ಕೈ ಮೆತ್ತಗಾಗುತ್ತದೆಂದು ತಾಯಿ ಮಾಬೂಬಿ ಕಲಿಸಿಕೊಟ್ಟಿದ್ದಳು. ಬಳೆಯ ಮಲಾರ ಹೊತ್ತು ಗಜೇಂದ್ರಗಡದಿಂದ ಸುತ್ತಲಿನ ಊರು ತಿರುಗುತ್ತ ಅವನು ಕಂಡಕ್ಟರ, ಪಂಚಾಯ್ತಿ ಸೆಕ್ರೆಟರಿ, ಹೊಸ ಮೊಬೈಲು ಕೊಂಡು ಓಣಿಗೆಲ್ಲ ಕೇಳುವಂತೆ ಒದರುವ ಸಾಹುಕಾರ, ಎಲ್ಲರನ್ನೂ ಗಂಟಲಲ್ಲಿ ತುಂಬಿಕೊಂಡಿದ್ದ.

ಇನ್ನೊಂದು ಗುಟ್ಟು ಮೂರು ತಿಂಗಳಿನದು. ಅದನ್ನು ಬಲ್ಲವರು ಹೆಂಡತಿ ಮದರಬಿ ಮತ್ತು ಹುಬ್ಬಳ್ಳಿಯ ಡಾಕ್ಟರು ಮಾತ್ರ. ಅವನಿಗೆ ಕಂಡದ್ದೆಲ್ಲ ಎರಡೆರಡಾಗಿ ಕಾಣುತ್ತಿತ್ತು. "ಕಣ್ಣ ಚಲೋ ಅದಾವಪಾ. ಬ್ಯಾನಿ ಮೆದುಳಿನ ನರದ್ದು. ಚಾಳೀಸ ಹಾಕಿದ್ರ ಹೋಗಂಗಿಲ್ಲ" ಎಂದಿದ್ದರು ಡಾಕ್ಟರು. ಗುಳಿಗೆ ಬರೆದುಕೊಟ್ಟು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಒಂದೇ ಕಾಣುತ್ತದೆಂದೂ ಹೇಳಿದ್ದರು. ಮದರಬಿ ಕರಿ ಬಟ್ಟೆಯ ಪಟ್ಟಿ ಹೊಲಿದು, ಲಾಡಿ ಹಚ್ಚಿಕೊಟ್ಟಳು.

"ಪಟ್ಟಿ ಕಟ್ಗೊಂಡ ಬಳಿಗಾರನ ಮುಂದ ಯಾವಾಕಿ ಕೈ ಚಾಚ್ತಾಳ? ಗಾಜಿನ ಕೆಲಸ ಇದು" ಎಂದು ಅವನು ಅದನ್ನು ಕಿಸೆಗೆ ತುರುಕಿದ್ದ. ಅಂದಿನಿಂದ ಬಳೆ ಏರಿಸುವಾಗ ಎಡಗಣ್ಣು ಮುಚ್ಚುತ್ತಿದ್ದ. ಮುಚ್ಚಿದರೆ ಐದು ಬೆರಳು. ತೆರೆದರೆ ಹತ್ತು.

ಶ್ವೇತಾಳ ಬಲಗೈ ತುಂಬಿತು. ಎಡಗೈ ಹಿಡಿದು ಅವನು ಮತ್ತೆ ಕಣ್ಣು ಮುಚ್ಚಿದ.

"ಅಯ್ಯ ಯವ್ವಾ, ಈ ಬಳಿಗಾರ ಕಣ್ಣ ಹೊಡೀತಾನ ನೋಡ್ರಿ!" ಶ್ವೇತಾಳ ವೈನಿ ಉಡಚವ್ವ ಎದ್ದುನಿಂತಳು. "ಆವಾಗಿನಿಂದ ನೋಡಾಕತ್ತೀನಿ. ಕೈ ಹಿಡದಾಗೊಮ್ಮೆ ಹೊಡೀತಾನ!"

ನಗೆ ನಿಂತಿತು. ಹೊರಗೆ ಗಂಡಸರಿಗೆ ಎಲೆ ಅಡಿಕೆ ಕೊಡುತ್ತಿದ್ದ ಶ್ವೇತಾಳ ತಂದೆ ಗುರುಸಂಗಪ್ಪ ಬಾಗಿಲಿಗೆ ಬಂದ.

"ಏನಂತೋ ಮಜೀದಾ?" ದನಿ ಸಣ್ಣದಿತ್ತು.

ಮಜೀದನಿಗೆ ಬಾಗಿಲಲ್ಲಿ ಇಬ್ಬರು ಗುರುಸಂಗಪ್ಪರು ಕಂಡರು. ಇಬ್ಬರ ಮುಖದಲ್ಲೂ ನಗೆಯಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಪಡಸಾಲೆಯಲ್ಲಿ ಅವನ ನೋಟ ಹೆಂಗಸರ ಮಣಿಕಟ್ಟು ದಾಟಿ ಮೇಲೇರಿದ್ದಿಲ್ಲ.

"ಹಂಗಲ್ರಿ ಅಪ್ಪಾರ. ನನಗ ಈ ಒಂದ ಕೈ ಎರಡ ಕಾಣ್ತಾವು. ಅದಕ್ಕ ಕಣ್ಣ ಮುಚ್ಚತೀನಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. "ಇದ್ಯಾರ ದನೀನೋ ಮಜೀದಣ್ಣಾ? ಕುಡದ ಬಂದಾವ್ರದಾ?"

"ಇದು ನನ್ನ ದನೀರಿ" ಎಂದ ಮಜೀದ.

ಗುರುಸಂಗಪ್ಪನ ತಾಯಿ ಮುದುಕವ್ವ ಮಾತ್ರ ನಕ್ಕಿರಲಿಲ್ಲ. ಅವಳು ಮುಂದೆ ಸರಿದು ಅವನ ಮುಖದೆದುರು ಬೆರಳೆತ್ತಿದಳು. "ಕಣ್ಣ ಮುಚ್ಚಬ್ಯಾಡ. ಎಷ್ಟದಾವು ಹೇಳು."

ಅವನು ಎರಡೂ ಕಣ್ಣು ಬಿಟ್ಟು ನೋಡಿದ. "ನಾಕ್ರಿ ಯವ್ವಾ."

ಅವಳು ಎತ್ತಿದ್ದು ಎರಡು.

ಶ್ವೇತಾ ಮೆಲ್ಲಗೆ ಕೈ ಎಳೆದುಕೊಂಡಳು. ಕಣ್ಣು ಹೊಡೆದನೆಂದು ಉಡಚವ್ವ ಕೂಗಿದಾಗಲೂ ಅವಳು ಬಿಡಿಸಿಕೊಂಡಿರಲಿಲ್ಲ.

"ಕುಬಸದ ಬಳಿ ಒಡದ್ರ ಹ್ಯಾಂಗವಾ?" ಯಾರೋ ಪಿಸುಗುಟ್ಟಿದರು. "ಬ್ಯಾರೆ ಬಳಿಗಾರನ್ನ ಕರಸ್ರಿ."

"ಬಾಯಿ ಮುಚ್ಚರ್ಲೇ" ಎಂದಳು ಮುದುಕವ್ವ. "ಒಂದ ಕೈ ತುಂಬಿ ಇನ್ನೊಂದ ಬರಿಗೈ ಬಿಟ್ಟು ಬಳಿಗಾರ ಏಳಬಾರ್ದು. ಸುರು ಮಾಡಿದಾಂವನ ಮುಗಸಬೇಕು. ಕೊಡ ಶ್ವೇತಾ ಕೈ."

ಶ್ವೇತಾ ಕೊಟ್ಟಳು. ಮಜೀದ ಕಿಸೆಯಿಂದ ಪಟ್ಟಿ ತೆಗೆದು ಎಲ್ಲರೆದುರು ಎಡಗಣ್ಣಿಗೆ ಕಟ್ಟಿಕೊಂಡ. ಒಂದೇ ಕೈ ಕಂಡಿತು, ಸ್ಪಷ್ಟವಾಗಿ. ಅದು ಬಿಗಿದುಕೊಂಡಿತ್ತು. ಸಾಬೂನು ಸವರಿ, ಹೆಬ್ಬೆರಳ ಬುಡ ಒತ್ತಿ, ಕಂಡಕ್ಟರನ ದನಿಯಲ್ಲಿ ಮತ್ತೆ ಕೋಳಿಯ ಮಾತೆತ್ತಿದ. ಯಾರೂ ನಗಲಿಲ್ಲ. ಕೈ ಕಟ್ಟಿಗೆಯಂತೆ ಬಿಗಿದೇ ಇತ್ತು. ಒಂದೊಂದು ಬಳೆ ಗೆಣ್ಣು ಏರುವಾಗಲೂ ಪಡಸಾಲೆ ಉಸಿರು ಹಿಡಿಯುತ್ತಿತ್ತು. ಹಣೆಯ ಬೆವರು ಇಳಿದು ಪಟ್ಟಿ ಒದ್ದೆಯಾಯಿತು. ಒಂದೂ ಒಡೆಯಲಿಲ್ಲ.

ಬಳೆ ಇಡಿಸಿದ್ದಕ್ಕೆ ಮುದುಕವ್ವ ಮೊರದಲ್ಲಿ ಜೋಳ, ಕೊಬ್ಬರಿ ಬಟ್ಟಲು ಇಟ್ಟು ತಂದಳು. ಜೋಳ ಯಾವತ್ತಿಗಿಂತ ಬಹಳವಿತ್ತು. ಮಜೀದ ಅದನ್ನು ಬದಿಗಿಟ್ಟು, ಮಲಾರ ಬಿಚ್ಚಿ ಕೆಂಪು, ನೀಲಿ, ಚುಕ್ಕಿ ಬಳೆಗಳನ್ನು ಹರವಿದ. ಬಸುರಿಯ ಕೈ ತುಂಬಿದ ಮೇಲೆ ಮನೆಗೆ ಬಂದ ಮುತ್ತೈದೆಯರೆಲ್ಲ ಸಾಲಾಗಿ ಕೂತು ಬಳೆ ಇಡಿಸಿಕೊಳ್ಳುವುದು ವಾಡಿಕೆ.

"ಬರ್ರೀ ಅಮ್ಮಾರ, ಸೀಟ ಖಾಲಿ ಅದಾವು!"

ಒಳಗೆ ತಾಟುಗಳ ಸದ್ದು ಸುರುವಾಗಿತ್ತು. ಒಬ್ಬೊಬ್ಬರೇ ಎದ್ದು ಊಟಕ್ಕೆ ನಡೆದರು. ಶ್ವೇತಾಳೂ ಎದ್ದಳು. ಬಳೆಗಳ ಸಪ್ಪಳ ಅಡುಗೆಮನೆಯತ್ತ ಹೋಯಿತು.

ಪಟ್ಟಿ ಕಂಡು ಅಂಜಿರಬೇಕೆಂದು ಅವನು ಲಾಡಿ ಬಿಚ್ಚಿ ಅದನ್ನು ಕಿಸೆಗಿಟ್ಟ. ಎದುರಿನ ಚಾಪೆ ಎರಡಾಯಿತು. ಎರಡೂ ಖಾಲಿ ಇದ್ದವು.