ಬರ್ತೇನೆ ಎಂದವಳು

ಪುಷ್ಪಾವತಿಗೆ ಅರಮನೆಗಿರಮನೆ ಎಂದರೆ ಅಷ್ಟಕ್ಕಷ್ಟೆ. ಮಗಳು ತೃಷಾ ಓದಲೆಂದು ಇಟಲಿಯ ಜೆನೋವಾಕ್ಕೆ ಹೋದ ಮೊದಲ ಶುಕ್ರವಾರವೇ ಕುವೈತಿನ ಮಂಗಫ್‌ನ ಫ್ಲ್ಯಾಟಿನ ಕಿಟಕಿ ಬಳಿ ಕುಳಿತು ವಿಡಿಯೋ ಕಾಲಿನಲ್ಲಿ ಅಪ್ಪಣೆ ಕೊಟ್ಟಳು. "ಆ ದೊಡ್ಡ ರಸ್ತೆ ಬಿಡು ಮಗಾ. ಜನ ಬಟ್ಟೆ ಒಣಗಿಸುವ ಕಡೆ ಹೋಗು."

"ಅಮ್ಮಾ, ದ ಪ್ಯಾಲೇಸ್ ಈಸ್ ರೈಟ್ ಹಿಯರ್."

"ಊರಿಗೆ ಬಂದವಳು ನೀರಿಗೆ ಬಾರದಿರ್ತಾಳಾ? ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಎಡಕ್ಕೆ ತಿರುಗು."

ಹಾಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಮಗಳು ಕಾಲಿನಲ್ಲಿ ನಡೆದಳು, ತಾಯಿ ಕಣ್ಣಿನಲ್ಲಿ. ಕೈ ಚಾಚಿದರೆ ಎರಡೂ ಗೋಡೆ ತಾಗುವ ಓಣಿಗಳು, ಹಗಲಿಗೂ ದೀಪ ಬೇಕಾದ ಮೆಟ್ಟಿಲುಗಳು, ಫೋನಿನ ನಕ್ಷೆಗೇ ದಾರಿ ತಪ್ಪುವ ಸಂದುಗಳು. ಅವಕ್ಕೆಲ್ಲ ಪುಷ್ಪಾವತಿ ತನ್ನದೇ ಹೆಸರಿಟ್ಟಳು. ಮೀನು ಮಾರುವಲ್ಲಿ ಬಂಗುಡೆ ಓಣಿ. ಬಾಗಿಲ ಮೇಲಿನ ಸಿಂಹದ ಮೂಗು ಸವೆದಿದ್ದಲ್ಲಿ ಮೂಗಿಲ್ಲದವನ ಓಣಿ. ದಾರಿ ಎರಡಾಗಿ ಸೀಳುವ ಒಂದು ಮೂಲೆಯಲ್ಲಿ, ಗೋಡೆಯ ಗೂಡಿನೊಳಗೆ ಮೇರಿಮಾತೆಯನ್ನು ಕೂರಿಸಿದ್ದರು. ಅದು ಅಮ್ಮನ ಗೂಡು. "ಬೇರೆಯವರ ಕಿಟಕಿಗೆ ಇಣುಕಬೇಡ" ಎಂದು ಮಗಳಿಗೆ ಬೈಯುತ್ತ ತಾನು ಮಾತ್ರ ಧಾರಾಳವಾಗಿ ಇಣುಕುವಳು. ವೀಸಾಕ್ಕೆ ಎರಡು ಸಲ ಅರ್ಜಿ ಹಾಕಿದಳು, ಎರಡು ಸಲವೂ ಸಿಗಲಿಲ್ಲ.

ಶುಐಬಾದ ಕಾರ್ಖಾನೆಯಿಂದ ಕಂಪೆನಿ ಬಸ್ಸಿನಲ್ಲಿ ಬಂದಿಳಿಯುವ ಗಂಡ ಕೊರಗಪ್ಪ, ನೋಯುವ ಎಡಮೊಣಕಾಲನ್ನು ತಿಕ್ಕುತ್ತ ಕುಳಿತ ಹೆಂಡತಿಯನ್ನು ಕೀಟಲೆ ಮಾಡುತ್ತಿದ್ದ. "ಇಟಲಿ ಪೂರ್ತಿ ನಡೆದ ಹಾಗುಂಟು." ಅವಳು ನಡೆದರೆ ಒಂದು ಚಪ್ಪಲಿ ಊರಿ ಇನ್ನೊಂದು ಎಳೆಯುತ್ತಿತ್ತು. ಟಪ್, ಸರ್ರ್. ಮೆಟ್ಟಿಲ ಬುಡದಲ್ಲಿರುವಾಗಲೇ ಅವಳು ಬಂದದ್ದು ಮನೆಯೊಳಗೆ ಗೊತ್ತಾಗುತ್ತಿತ್ತು.

ಕಳೆದ ಚಳಿಗಾಲದ ಒಂದು ಶುಕ್ರವಾರ ಕೊರಗಪ್ಪ ಓವರ್‌ಟೈಮ್ ಮುಗಿಸಿ ಬಂದಾಗ ಅವಳು ಅದೇ ಕಿಟಕಿ ಬಳಿ, ಮಡಿಲಲ್ಲಿ ಫೋನಿಟ್ಟುಕೊಂಡು ಕುಳಿತಿದ್ದಳು. ಮುಟ್ಟಿದರೆ ತಣ್ಣಗಿದ್ದಳು. ಶವದ ಪೆಟ್ಟಿಗೆಯ ಜೊತೆ ಅವನು ಊರಿಗೆ ಹೋದ. ತೃಷಾಳಿಗೆ ಟಿಕೆಟ್ ಸಿಗುವಷ್ಟರಲ್ಲಿ ಚಿತೆಯ ಬೆಂಕಿ ಆರಿತ್ತು. ತಾಯಿಯ ಮುಖ ಅವಳು ನೋಡಲೇ ಇಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಪದ್ಧತಿಯಂತೆ ಬಾಗಿಲಲ್ಲಿ ನಿಂತು, ಹೆಸರು ಹಿಡಿದು, ಸತ್ತವಳನ್ನು ಮನೆಯೊಳಗೆ ಕರೆದರು. "ಉಲಾಯಿ ಬಲ, ಒಳಗೆ ಬಾ" ಎಂದು ಕೊರಗಪ್ಪನೂ ಕರೆದ. ಯಾರೂ ಬಂದಂತೆ ಅನಿಸಲಿಲ್ಲ. ಕುವೈತಿಗೆ ಮರಳಿದ ಮೇಲೂ ಫ್ಲ್ಯಾಟಿನಲ್ಲಿ ಒಂದು ಕನಸಿಲ್ಲ, ಒಂದು ಸದ್ದಿಲ್ಲ. ಅವನಿಗೆ ಅದೇ ದೊಡ್ಡ ಸಂಕಟ.

ಬೇಸಿಗೆ ಶುರುವಾಗುವಾಗ ಜೆನೋವಾದಿಂದ ಪ್ರೀಮಾ ಫೋನ್ ಮಾಡಿದಳು. ತೃಷಾಳ ಜೊತೆ ಒಂದೇ ಕೋಣೆಯಲ್ಲಿರುವ ಮಂಗಳೂರಿನ ಹುಡುಗಿ.

"ಅಂಕಲ್, ಬೇಜಾರು ಮಾಡ್ಬೇಡಿ. ಅವಳು ಕ್ಲಾಸಿಗೆ ಬರ್ತಿಲ್ಲ, ಸರಿ ಊಟವೂ ಇಲ್ಲ. ದಿನಾ ಆ ಓಣಿಗಳ ಒಳಗೆ ಹೋಗಿ ಒಂದು ಮೂಲೆಯಲ್ಲಿ ನಿಲ್ತಾಳೆ. ಯಾರ ಹತ್ತಿರವೋ ಮಾತಾಡ್ತಾಳೆ. ನಂಗೆ ಹೆದರಿಕೆ ಆಗ್ತದೆ."

ಕೊರಗಪ್ಪ ಮಗಳಿಗೆ ಕಾಲ್ ಮಾಡಿ ನೇರ ಕೇಳಿದ. ಅವಳೂ ನೇರ ಹೇಳಿದಳು. ತಾಯಿ ಸತ್ತ ಆ ಶುಕ್ರವಾರ ಅಮ್ಮನ ಗೂಡಿನ ಕೆಳಗೆ ನಿಂತು, ಎಡಕ್ಕೋ ಬಲಕ್ಕೋ ಎಂದು ಕೇಳಿದ್ದಳಂತೆ. ತಾಯಿ ಏದುಸಿರು ಬಿಡುತ್ತಿದ್ದಳು. "ಸ್ವಲ್ಪ ನಿಲ್ಲು" ಎಂದಳು. ಆಮೇಲೆ "ಬರ್ತೇನೆ ಮಗಾ" ಎಂದಳು. ಫೋನ್ ಕಟ್ಟಾಯಿತು.

"ಶಿ ಸೆಡ್ ಶಿ ಈಸ್ ಕಮಿಂಗ್, ಪಪ್ಪಾ. ಆಂಡ್ ಶಿ ಕೇಮ್."

ಕೊರಗಪ್ಪನಿಗೆ ಆಗ ಅರ್ಥವಾಯಿತು. ಗಂಡಹೆಂಡಿರದು ತುಳು, ಮಗಳ ಜೊತೆ ಕನ್ನಡ, ಮಗಳ ಉತ್ತರ ಇಂಗ್ಲಿಷು; ಇದು ಮನೆಯ ರೂಢಿ. ಫೋನ್ ಮುಗಿಸುವಾಗ ಪುಷ್ಪಾವತಿ ಯಾವತ್ತೂ ಹೇಳುತ್ತಿದ್ದದ್ದು "ಇಡ್ತೇನೆ" ಎಂದು. "ಬರ್ತೇನೆ" ಎನ್ನುವುದು ಮನೆಯಿಂದ ಎದ್ದು ಹೊರಟಾಗ. ನಮ್ಮ ಕಡೆ ಹೋಗುವವರು ಹೋಗ್ತೇನೆ ಎನ್ನುವುದಿಲ್ಲ, ಬರ್ತೇನೆ ಎನ್ನುತ್ತಾರೆ. ಕಳಿಸುವವರು ಬಾ ಎನ್ನುತ್ತಾರೆ. ಕುವೈತಿನಲ್ಲಿ ಬೆಳೆದ ಮಗಳು ಅದನ್ನು ಇದ್ದಂತೆ ತಿಳಿದುಕೊಂಡಿದ್ದಳು.

"ನೀನು ಏನು ಹೇಳ್ತೀ ಅಲ್ಲಿ?"

"ಬಾ ಅಮ್ಮಾ ಅಂತೇನೆ. ಎವ್ರಿ ಡೇ."

ಬೊಜ್ಜದ ದಿನ ಬಿಟ್ಟರೆ ಸತ್ತವರಿಗೆ ಬಾ ಎನ್ನಬಾರದು. ಸಾವಿನ ಮನೆಯಿಂದ ಹೊರಡುವಾಗಲೂ ಬರ್ತೇನೆ ಎನ್ನಬಾರದು. ಅಷ್ಟೂ ಕಲಿಸಿರಲಿಲ್ಲ ಮಗಳಿಗೆ. ಕೊರಗಪ್ಪ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ನಾಡಿದ್ದು ಶುಕ್ರವಾರ ನಾನೂ ನಿನ್ನ ಜೊತೆ ನಡೀತೇನೆ" ಎಂದ.

ಶುಕ್ರವಾರ ಮಧ್ಯಾಹ್ನ ಅವನು ಹೆಂಡತಿಯ ಕುರ್ಚಿಯಲ್ಲಿ ಕುಳಿತ. ಮಂಗಫ್‌ನ ಬಿಸಿಲಿಗೆ ಕಿಟಕಿ ಗಾಜು ಮುಟ್ಟುವಂತಿರಲಿಲ್ಲ. ಫೋನಿನಲ್ಲಿ ಬಂಗುಡೆ ಓಣಿ ದಾಟಿತು, ಮೂಗಿಲ್ಲದ ಸಿಂಹ ದಾಟಿತು. ಕತ್ತಲೆ ಹೆಚ್ಚುತ್ತ ಹೋಯಿತು. ತೃಷಾ ಫೋನ್ ತಿರುಗಿಸಿದಾಗ ಅವಳ ಮುಖ ಕಂಡಿತು. ಕೆನ್ನೆ ಒಳಗೆ ಹೋಗಿತ್ತು. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಎನಿಸಿತು.

"ಬಂದ್ವಿ ಪಪ್ಪಾ. ಲಿಸನ್."

ಓಣಿಯಲ್ಲಿ ನರಪಿಳ್ಳೆಯಿರಲಿಲ್ಲ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಮಗಳ ಬೆನ್ನ ಹಿಂದೆ, ಕಲ್ಲಿನ ಮೇಲೆ, ಟಪ್, ಸರ್ರ್. ಟಪ್, ಸರ್ರ್.

ಮೂವತ್ತು ವರ್ಷ ಕೇಳಿದ ಸದ್ದು. ಬದುಕಿದ್ದಾಗ ವೀಸಾ ಕೊಡದ ಊರಿನಲ್ಲಿ ಸತ್ತ ಮೇಲೆ ನಡೆಯುತ್ತಿದ್ದಳು. ಕೊರಗಪ್ಪನಿಗೆ ಹೆದರಿಕೆಯ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ತಾನು ಕರೆದಾಗ ಬಾರದವಳು ಅಲ್ಲಿ ಬಂದಿದ್ದಾಳೆ. ಆ ಸದ್ದನ್ನು ಇನ್ನಷ್ಟು ಹೊತ್ತು ಕೇಳುತ್ತಲೇ ಇರಬೇಕೆನಿಸಿತು. ಆದರೆ ಮಗಳ ಕೆನ್ನೆ ಎದುರಿಗಿತ್ತು.

"ತೃಷಾ, ಅಮ್ಮ ಅವತ್ತು ಬರುವುದಕ್ಕೆ ಬರ್ತೇನೆ ಅಂದದ್ದಲ್ಲ. ಹೊರಟದ್ದು. ನಮ್ಮಲ್ಲಿ ಹೊರಡುವಾಗ ಹಾಗೆ ಹೇಳುವುದು. ನೀನು ಬಾ ಅಂದದ್ದಕ್ಕೆ ಅವಳಿಗೆ ಹೋಗ್ಲಿಕ್ಕೆ ಆಗ್ತಿಲ್ಲ. ಹೋಗು ಅಂತ ಹೇಳು."

ತೃಷಾ ಗೂಡಿನತ್ತ ನೋಡಿದಳು. "ಸೋ ದಟ್ ವಾಸ್ ಗುಡ್‌ಬೈ" ಎಂದಳು. "ಐ ಕಾಂಟ್ ಟೆಲ್ ಅಮ್ಮಾ ಟು ಗೋ. ಯಾರಿಗೂ ಹೋಗು ಅನ್ಬಾರ್ದು ಅಂತ ಅವಳೇ ಹೇಳಿದ್ದು."

ಟಪ್, ಸರ್ರ್. ಹತ್ತಿರ ಬರುತ್ತಿತ್ತು.

"ಹಾಗಾದ್ರೆ ಫೋನ್ ಓಣಿಯ ಕಡೆ ತಿರುಗಿಸು" ಎಂದ ಕೊರಗಪ್ಪ. ಪರದೆಯಲ್ಲಿ ಖಾಲಿ ಕತ್ತಲೆ ಕಂಡಿತು. ಮೂವತ್ತು ವರ್ಷದಲ್ಲಿ ಜಗಳವಾಡುವಾಗಲೂ ಬಾಯಿಗೆ ಬಾರದ ಮಾತನ್ನು ಅವನು ಆ ಕತ್ತಲೆಗೆ ತುಳುವಿನಲ್ಲೇ ಹೇಳಿದ. "ಪುಷ್ಪಾ, ಪೋಲ." ಮತ್ತೆ ಹೇಳಿದ, ಮಗಳಿಗೂ ತಿಳಿಯಲೆಂದು. "ಹೋಗು. ಮಗುವನ್ನು ಬಿಟ್ಟು ಹೋಗು."

ಸದ್ದು ನಿಂತಿತು. ಮೇಲೆಲ್ಲೋ ಯಾರೋ ಬಟ್ಟೆ ಕೊಡವಿದರು. ಗೂಡಿನ ಕೆಳಗೆ ನಿಂತ ತೃಷಾ ಮಗುವಿನಂತೆ ಅತ್ತಳು, ತಾಯಿ ಸತ್ತಂದಿನಿಂದ ಅಳದಿದ್ದವಳು. ಕೊರಗಪ್ಪನೂ ಅತ್ತ. ನಂತರ ಅವನೇ ದಾರಿ ಹೇಳಿದ. ಬಲಕ್ಕೆ ತಿರುಗು, ಇಳಿ, ನಿಲ್ಲಬೇಡ, ಹಿಂದೆ ನೋಡಬೇಡ. ಓಣಿ ಮುಗಿದು ಬಂದರಿನ ಬಯಲು ಬಂತು, ಮಗಳ ಮುಖದ ಮೇಲೆ ಬಿಸಿಲು ಬಿತ್ತು.

"ಐ ಯಾಮ್ ಹಂಗ್ರಿ, ಪಪ್ಪಾ."

"ಪ್ರೀಮಾಳನ್ನು ಕರ್ಕೊಂಡು ಹೊಟ್ಟೆ ತುಂಬ ಉಣ್ಣು."

ತೃಷಾ ಕಣ್ಣೊರೆಸಿಕೊಂಡಳು. ಕುವೈತಿನಲ್ಲಿ ವಾಸಿಸುವ ಪರವಾನಗಿ, ಅವಳ ಇಕಾಮಾ, ಎಂದೋ ಖಲಾಸ್ ಆಗಿತ್ತು, ಕುವೈತಿಗೆ ಬರುವಂತಿರಲಿಲ್ಲ. ಆದರೂ ಈಗಷ್ಟೇ ಕಲಿತ ಮಾತನ್ನು ಕನ್ನಡದಲ್ಲಿ, ನಿಧಾನವಾಗಿ ಹೇಳಿದಳು. "ಬರ್ತೇನೆ ಪಪ್ಪಾ."

ಹುಟ್ಟಿದಂದಿನಿಂದ ಕಲಿತ ಉತ್ತರ ಕೊರಗಪ್ಪನ ಬಾಯಿಂದ ತಾನಾಗಿ ಬಂತು. "ಹೂಂ, ಬಾ."

ಕಾಲ್ ಕಟ್ಟಾಯಿತು. ಎ.ಸಿ.ಯ ಸದ್ದೊಂದೇ ಉಳಿಯಿತು. ಅವನು ಫೋನನ್ನು ಕಿಟಕಿಯ ಬಳಿ ಇಟ್ಟು, ಮುಖ ತೊಳೆಯಲೆಂದು ಎದ್ದ.

ಮೆಟ್ಟಿಲ ಬುಡದಿಂದ ಕೇಳಿತು. ಟಪ್, ಸರ್ರ್.

ಮೊದಲ ಮಹಡಿ ಹತ್ತಿತು. ಎರಡನೆಯದನ್ನೂ ಹತ್ತಿತು. ಈಗ ಬಾಗಿಲು ಮುಚ್ಚಿಕೊಂಡು ಪೋಲ ಎನ್ನಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಲ ಹೇಳಿದ್ದಾಗಿತ್ತು. ಮತ್ತೊಂದು ಸಲ ಹೇಳುವ ಶಕ್ತಿ ಇರಲಿಲ್ಲ. ಸದ್ದು ಹೊಸ್ತಿಲ ಹೊರಗೆ ಬಂದು, ಮೊಣಕಾಲು ನೋವಿನವರು ದಮ್ಮು ತೆಗೆದುಕೊಳ್ಳಲು ನಿಲ್ಲುವಂತೆ ನಿಂತಿತು.

ಕೊರಗಪ್ಪ ಚಿಲಕ ತೆಗೆದ. "ಉಲಾಯಿ ಬಲ, ಪುಷ್ಪಾ" ಎಂದ.